ಫ್ಯಾಂಟಸಿ ಬೇಸ್‌ಬಾಲ್ ಡ್ರಾಫ್ಟ್‌ಗೆ ಆಟಗಾರರನ್ನ ನಾನು ಅಳೆಯೋ ರೀತಿ

ನಾನಿರೋದು ಅರಿಝೋನಾದ ಚಾಂಡ್ಲರ್‌ನಲ್ಲಿ, ಹುಟ್ಟಿ ಬೆಳೆದಿದ್ದು ಮೈಸೂರು. ಇಲ್ಲಿಗೆ ಬಂದ ಮೊದಲ ನಾಲ್ಕೈದು ವರ್ಷ ಟಿವೀಲಿ ಬೇಸ್‌ಬಾಲ್ ಬಂದ್ರೆ ಚಾನೆಲ್ ಬದಲಾಯಿಸಿಬಿಡ್ತಿದ್ದೆ. 2023ರಲ್ಲಿ ನಮ್ಮೂರ ಟೀಮು ಡೈಮಂಡ್‌ಬ್ಯಾಕ್ಸ್ ಯಾರೂ ನಿರೀಕ್ಷೆ ಮಾಡದೆ ಇರೋ ಹಾಗೆ ವರ್ಲ್ಡ್ ಸೀರೀಸ್ ತನಕ ಹೋಯ್ತು, ಕೊನೆಗೆ ಟೆಕ್ಸಾಸ್ ರೇಂಜರ್ಸ್ ಕೈಲಿ ಸೋತ್ರು ಅನ್ನೋದು ಬೇರೆ ಮಾತು, ಆದ್ರೆ ಆ ಒಂದು ತಿಂಗಳು ಆಫೀಸಿನವರ ಜೊತೆ ಕೂತು ನೋಡಿ ನೋಡಿ ನಂಗೆ ಹುಚ್ಚು ಹಿಡೀತು. ಮುಂದಿನ ಮಾರ್ಚ್‌ಗೆ ಆಫೀಸಿನ ಫ್ಯಾಂಟಸಿ ಲೀಗ್ ಸೇರ್ಕೊಂಡೆ. 12 ಜನ ಇದೀವಿ, ಅದರಲ್ಲಿ ಮೂರು ಜನ ಕನ್ನಡದವರು. ಮೊದಲನೇ ವರ್ಷ 11ನೇ ಸ್ಥಾನ, ಎರಡನೇ ವರ್ಷ 2ನೇ ಸ್ಥಾನ. ನಡುವೆ ಏನು ಬದಲಾಯ್ತು ಅಂತ ಬರೀಬೇಕು ಅನ್ನಿಸ್ತು, ಯಾಕಂದ್ರೆ 2026ರ ಡ್ರಾಫ್ಟ್‌ಗೆ ಈಗ ಮತ್ತೆ ಅದೇ ಎಕ್ಸೆಲ್ ಶೀಟ್ ತೆಗೆದು ಕೂತಿದೀನಿ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ನಮ್ಮದು ರೋಟೋ ಲೀಗ್, ಅಂದ್ರೆ ರೋಟಿಸರಿ. 1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತವರ ಗೆಳೆಯರು ನ್ಯೂಯಾರ್ಕಿನ ಒಂದು ಹೋಟೆಲ್‌ನಲ್ಲಿ ಸೇರ್ತಿದ್ರಂತೆ, ಆ ಹೋಟೆಲ್ ಹೆಸರೇ ಈ ಆಟಕ್ಕೆ ಬಂತು. ಬ್ಯಾಟರ್‌ಗಳಿಗೆ ಐದು ಲೆಕ್ಕ: ಆವರೇಜು (ಬ್ಯಾಟ್ ಮಾಡಿದ್ರಲ್ಲಿ ಎಷ್ಟು ಪಾಲು ಹಿಟ್, ಅಂದ್ರೆ ಹೊಡೆದು ಬೇಸ್ ತಲುಪಿದ್ದು), ಹೋಮ್ ರನ್ (ನಮ್ಮ ಸಿಕ್ಸರ್ ಥರ), ರನ್, ಆರ್‌ಬಿಐ (ತನ್ನ ಬ್ಯಾಟಿಂಗ್‌ನಿಂದ ಟೀಮಿಗೆ ಬಂದ ರನ್), ಸ್ಟೀಲ್ (ಪಿಚರ್ ಚೆಂಡು ಎಸೆಯೋವಾಗಲೇ ಓಡಿ ಮುಂದಿನ ಬೇಸ್ ಹಿಡಿಯೋದು). ಪಿಚರ್‌ಗಳಿಗೆ, ಅಂದ್ರೆ ನಮ್ಮ ಬೌಲರ್ ಥರದವರಿಗೆ, ಐದು: ಗೆಲುವು, ಸೇವ್ (ಕೊನೇಲಿ ಬಂದು ಗೆಲುವು ಉಳಿಸ್ಕೊಡೋದು), ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್‌ನ ಔಟ್ ಮಾಡೋದು), ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಬಿಟ್ಟ ಅನ್ನೋದು, ಕಮ್ಮಿ ಇದ್ದಷ್ಟೂ ಒಳ್ಳೇದು), ವಿಪ್ (ಒಂದು ಇನ್ನಿಂಗ್ಸ್‌ಗೆ ಎಷ್ಟು ಜನರನ್ನ ಬೇಸ್‌ಗೆ ಬಿಟ್ಟ ಅನ್ನೋದು). ಒಬ್ಬೊಬ್ಬರೂ 23 ಆಟಗಾರರನ್ನ ಸರದಿ ಪ್ರಕಾರ ಆರಿಸ್ಕೋತೀವಿ, ಆಮೇಲೆ ಆ ಆಟಗಾರರು ನಿಜವಾದ ಮ್ಯಾಚ್‌ಗಳಲ್ಲಿ ಏನು ಮಾಡ್ತಾರೋ ಅದೇ ನಮ್ಮ ಅಂಕ. 162 ಮ್ಯಾಚ್, ಆರು ತಿಂಗಳು.

2024ರಲ್ಲಿ ನಾನು ಮಾಡಿದ್ದು ತುಂಬಾ ಸರಳ. ಹೋದ ವರ್ಷದ ಪಟ್ಟಿ ತೆಗೆದೆ, ಯಾರು ಮೇಲಿದಾರೋ ಅವರನ್ನ ತಗೊಂಡೆ. ಮೊದಲ ರೌಂಡಲ್ಲಿ ಕಾರ್ಬಿನ್ ಕ್ಯಾರಲ್. 2023ರಲ್ಲಿ .285 ಆವರೇಜು, 25 ಹೋಮ್ ರನ್, 54 ಸ್ಟೀಲ್, ಆ ವರ್ಷದ ಅತ್ಯುತ್ತಮ ಹೊಸ ಆಟಗಾರ, ಅದಕ್ಕಿಂತ ಹೆಚ್ಚಾಗಿ ನಮ್ಮೂರ ಹುಡುಗ, ಅವನ ಟೀ ಶರ್ಟ್ ಹಾಕ್ಕೊಂಡೇ ಡ್ರಾಫ್ಟ್‌ಗೆ ಕೂತಿದ್ದೆ. ಪಿಚರ್ ಅಂತ ಬ್ಲೇಕ್ ಸ್ನೆಲ್‌ನ ತಗೊಂಡೆ, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ 2023ರಲ್ಲಿ ಅವರದ್ದು, ಇಆರ್‌ಎ 2.25. ಕ್ಯಾರಲ್ ಮೇ, ಜೂನ್ ಪೂರ್ತಿ ತಡವರಿಸಿದ, ಚೆಂಡು ಬ್ಯಾಟಿಗೆ ತಾಗಿದ್ರೂ ದೂರ ಹೋಗ್ತಾ ಇರ್ಲಿಲ್ಲ. ಸ್ನೆಲ್ ಮಾರ್ಚ್ ಮೂರನೇ ವಾರದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೊತೆ ಸಹಿ ಹಾಕಿದ್ರು, ತಯಾರಿ ಇಲ್ಲದೆ ಇಳಿದ್ರು, ಮೊದಲ ಆರು ಮ್ಯಾಚಲ್ಲಿ ಇಆರ್‌ಎ 9 ದಾಟಿತ್ತು, ಜೊತೆಗೆ ಗಾಯ ಬೇರೆ. ಜೂನ್‌ನಲ್ಲಿ ಅವರನ್ನ ಬಿಟ್ಟೆ. ಲೀಗ್‌ನಲ್ಲಿದ್ದ ಧಾರವಾಡದ ಗೆಳೆಯ ಸುಮ್ನೆ ಎತ್ಕೊಂಡ. ಆಗಸ್ಟ್ 2ನೇ ತಾರೀಕು ಸಿನ್ಸಿನಾಟಿಯಲ್ಲಿ ಸ್ನೆಲ್ ನೋ-ಹಿಟರ್ ಹಾಕಿದ್ರು, ಒಂದೇ ಒಂದು ಹಿಟ್ ಕೊಡದೆ ಇಡೀ ಮ್ಯಾಚು. ಆ ರಾತ್ರಿ ಗೆಳೆಯನ ಮೆಸೇಜು: "ದೋಸ್ತ, ನೀ ಬಿಟ್ಟಿದ್ದು ನಾ ಹಿಡದೆ. ನೀ ಬರೇ ನಂಬರ್ ನೋಡ್ತಿ, ಅದು ಹೆಂಗ ಬಂತು ಅಂತ ನೋಡಂಗಿಲ್ಲ." ಆ ಮಾತು ನನ್ನ ತಲೇಲಿ ಕೂತುಬಿಡ್ತು.

ಆ ಚಳಿಗಾಲ ಪೂರ್ತಿ ನಾನು ಮಾಡಿದ್ದು ಅದೇ, ನಂಬರ್ ಹೆಂಗೆ ಬಂತು ಅಂತ ಹುಡುಕಿದ್ದು.

ಮೊದಲು ಆವರೇಜಿನ ವಿಷಯ, ಇದು ನಂಗೆ ಕಣ್ಣು ತೆರೆಸ್ತು. .300 ಹೊಡೆಯೋನು ಅಂದ್ರೆ ದೊಡ್ಡ ಬ್ಯಾಟರ್, .264 ಅಂದ್ರೆ ಸಾಧಾರಣ ಅಂತ ಅಂದ್ಕೋತೀವಿ. 550 ಸಲ ಬ್ಯಾಟ್ ಮಾಡಿದವನಿಗೆ .300 ಅಂದ್ರೆ 165 ಹಿಟ್, .264 ಅಂದ್ರೆ 145. ವ್ಯತ್ಯಾಸ 20 ಹಿಟ್. ಸೀಸನ್ನು 26 ವಾರ ಅಂತ ಇಟ್ಕೊಳಿ, ವಾರಕ್ಕೆ ಒಂದು ಹಿಟ್ಟೂ ಇಲ್ಲ! ಕ್ರಿಕೆಟ್‌ನಲ್ಲಿ ಎಡ್ಜ್ ಆದ ಚೆಂಡು ಸ್ಲಿಪ್ ನಡುವೆ ನುಸುಳಿ ಬೌಂಡರಿಗೆ ಹೋದ್ರೆ ನಾಲ್ಕು ರನ್, ಅದೇ ಎಡ್ಜು ಒಂದು ಅಡಿ ಈಕಡೆ ಹೋದ್ರೆ ಪೆವಿಲಿಯನ್‌ಗೆ ವಾಪಸ್ಸು, ಇಲ್ಲೂ ಹಾಗೇನೇ. ಅದನ್ನ ಅಳೆಯೋಕೆ ಬಾಬಿಪ್ ಅಂತ ಒಂದು ಲೆಕ್ಕ ಇದೆ. ಹೋಮ್ ರನ್, ಸ್ಟ್ರೈಕ್‌ಔಟ್ ಎರಡನ್ನೂ ತೆಗೆದು, ಮೈದಾನದೊಳಗೇ ಬಿದ್ದ ಚೆಂಡುಗಳಲ್ಲಿ ಎಷ್ಟು ಹಿಟ್ ಆಯ್ತು ಅಂತ ನೋಡೋದು. ಇಡೀ ಲೀಗ್‌ನ ಸರಾಸರಿ .290ರಿಂದ .300ರ ನಡುವೆ ಇರತ್ತೆ. ಒಬ್ಬನದ್ದು ತನ್ನ ಹಳೇ ವರ್ಷಗಳಿಗಿಂತ ಇದ್ದಕ್ಕಿದ್ದ ಹಾಗೆ ಮೇಲೆ ಹೋಗಿದ್ರೆ ನಾನು ಅವನನ್ನ ಮೊದಲ ರೌಂಡುಗಳಲ್ಲಿ ಆರಿಸೋಲ್ಲ, ಕೆಳಗೆ ಬಿದ್ದಿದ್ರೆ ಅವನ ಹೆಸರಿನ ಮುಂದೆ ಹಸಿರು ಬಣ್ಣ ಹಾಕ್ತೀನಿ. ಆದ್ರೆ ವೇಗವಾಗಿ ಓಡೋರಿಗೆ ಬಾಬಿಪ್ ಸಹಜವಾಗೇ ಜಾಸ್ತಿ ಇರತ್ತೆ, ಅದಕ್ಕೆ ಲೀಗ್ ಸರಾಸರಿಗೆ ಹೋಲಿಸಬೇಡಿ, ಅವನ ಹಳೇ ಲೆಕ್ಕಕ್ಕೇ ಹೋಲಿಸಿ, ಈ ತಪ್ಪು ನಾನೂ ಮಾಡಿದೀನಿ.

ಇದಕ್ಕೆ ಜೊತೆಯಾಗಿ ಸ್ಟ್ಯಾಟ್‌ಕ್ಯಾಸ್ಟ್. 2015ರಿಂದ ಎಲ್ಲಾ ಮೇಜರ್ ಲೀಗ್ ಮೈದಾನಗಳಲ್ಲೂ ಚೆಂಡಿನ ಪ್ರತಿ ಚಲನೆ ಅಳೀತಾರೆ, ಬ್ಯಾಟಿನಿಂದ ಎಷ್ಟು ವೇಗದಲ್ಲಿ, ಯಾವ ಕೋನದಲ್ಲಿ ಹೋಯ್ತು ಅಂತ, ಎಲ್ಲಾ ಬೇಸ್‌ಬಾಲ್ ಸಾವಂಟ್ ಅನ್ನೋ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗತ್ತೆ. ಗಂಟೆಗೆ 95 ಮೈಲಿ ಅಥವಾ ಅದಕ್ಕಿಂತ ಜೋರಾಗಿ ಹೋದ್ರೆ ಗಟ್ಟಿ ಹೊಡೆತ. ಫೀಲ್ಡರ್ ಹಾರಿ ಹಿಡಿದ್ರೆ ಸ್ಕೋರ್‌ಬೋರ್ಡ್‌ನಲ್ಲಿ ಔಟ್ ಅಷ್ಟೇ, ಆದ್ರೆ ಹೊಡೆತ ಗಟ್ಟಿಯಾಗಿತ್ತು ಅನ್ನೋದು ಇಲ್ಲಿ ಉಳಿಯತ್ತೆ.

2024ರ ಡಿಸೆಂಬರ್‌ನಲ್ಲಿ ಕ್ಯಾರಲ್‌ನ ಹಾಳೆ ಮತ್ತೆ ತೆಗೆದೆ. ಇಡೀ ವರ್ಷದ್ದು .231, 22 ಹೋಮ್ ರನ್, 35 ಸ್ಟೀಲ್. ಆವರೇಜು ನೋಡಿ ಎಲ್ಲರೂ ಬೈತಾ ಇದ್ರು. ಆದ್ರೆ ಆ 22ರಲ್ಲಿ ಹೆಚ್ಚಿನವು ಜುಲೈನ ಆಲ್ ಸ್ಟಾರ್ ಬಿಡುವಿನ ಆಮೇಲೆ ಬಂದಿದ್ವು, ಕಾಲಿನ ವೇಗ ಹಾಗೇ ಇತ್ತು, 121 ರನ್ ಮಾಡಿದ್ದ, ವಯಸ್ಸು ಬರೀ 24. ಇವನಿಗೆ ಆಟ ಮರೆತಿಲ್ಲ ಅಂತ ನಂಗೆ ಖಾತ್ರಿಯಾಯ್ತು. 2025ರ ಡ್ರಾಫ್ಟ್‌ನಲ್ಲಿ ಎರಡನೇ ರೌಂಡಿಗೆ ಬಂದಾಗ ಮತ್ತೆ ತಗೊಂಡೆ. ನನ್ನ ಹೆಂಡತಿ ಕೂಡ ಕೇಳಿದ್ಲು, "ಹೋದ ಸಲ ಇವನಿಂದಾನೇ ತಾನೇ ಸೋತಿದ್ದು, ಮತ್ತೆ ಯಾಕ್ರೀ ಇವನು?" 31 ಹೋಮ್ ರನ್, 32 ಸ್ಟೀಲ್ ಕೊಟ್ಟ, ಡೈಮಂಡ್‌ಬ್ಯಾಕ್ಸ್ ಇತಿಹಾಸದಲ್ಲೇ 30-30 ಮಾಡಿದವನು ಅವನೇ ಮೊದಲು. ಮೊದಲ ವರ್ಷ ಪ್ರೀತಿಯಿಂದ ತಗೊಂಡಿದ್ದೆ, ಎರಡನೇ ವರ್ಷ ಲೆಕ್ಕ ನೋಡಿ ತಗೊಂಡೆ.

ಈಗ ಲೆಕ್ಕ ಮಾಡೋದು ಹೆಂಗೆ ಅಂತ. ದುಡ್ಡು ಕೊಟ್ಟು ಪ್ರೊಜೆಕ್ಷನ್, ಅಂದ್ರೆ ಮುಂದಿನ ಸೀಸನ್ನಿನ ಅಂದಾಜು, ತಗೋಬಹುದು, ಆದ್ರೆ ನಾನು ಕೈಯಾರೆ ಒಂದು ಸಲ ಮಾಡ್ತೀನಿ, ಆಗಲೇ ಆಟಗಾರ ಮನಸ್ಸಿಗೆ ಇಳಿಯೋದು. ಟಾಮ್ ಟ್ಯಾಂಗೋ ಅನ್ನೋ ವಿಶ್ಲೇಷಕರು ಮಾರ್ಸೆಲ್ ಅಂತ ಒಂದು ವಿಧಾನ ಮಾಡಿದಾರೆ, ಕೋತಿಗೂ ಮಾಡೋಕೆ ಬರೋಷ್ಟು ಸರಳ ಅಂತ ಒಂದು ಕೋತಿಯ ಹೆಸರೇ ಇಟ್ಟಿದಾರೆ. ಬ್ಯಾಟರ್‌ನ ಕಳೆದ ಮೂರು ವರ್ಷ ತಗೊಳ್ಳಿ, ಹತ್ತಿರದ ವರ್ಷಕ್ಕೆ 5, ಅದರ ಹಿಂದಿನದಕ್ಕೆ 4, ಅದರ ಹಿಂದಿನದಕ್ಕೆ 3 ತೂಕ. ಆಮೇಲೆ ಎಲ್ಲರನ್ನೂ ಲೀಗ್ ಸರಾಸರಿ ಕಡೆಗೆ ಸ್ವಲ್ಪ ಎಳೀಬೇಕು, ವಯಸ್ಸು 29 ದಾಟಿದ್ರೆ ಚೂರು ಕಳೀಬೇಕು, ಚಿಕ್ಕವನಾದ್ರೆ ಚೂರು ಸೇರಿಸ್ಬೇಕು.

ಸಿಯಾಟಲ್‌ನ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಕ್ಯಾಲ್ ರಾಲೀ ತಗೊಳ್ಳಿ. 2025ರಲ್ಲಿ 60 ಹೋಮ್ ರನ್, ಕ್ಯಾಚರ್ ಒಬ್ಬ ಯಾವತ್ತೂ ಮಾಡದೆ ಇರೋ ಕೆಲಸ. 2024ರಲ್ಲಿ 34, 2023ರಲ್ಲಿ 30. 60ನ್ನ 5ರಿಂದ ಗುಣಿಸಿದ್ರೆ 300, 34ನ್ನ 4ರಿಂದ 136, 30ನ್ನ 3ರಿಂದ 90, ಒಟ್ಟು 526, ಅದನ್ನ 12ರಿಂದ ಭಾಗಿಸಿದ್ರೆ 44ರ ಹತ್ತಿರ. ಸರಾಸರಿ ಕಡೆ ಎಳೆದು, ಎಷ್ಟು ಸಲ ಬ್ಯಾಟಿಂಗ್ ಸಿಗಬಹುದು ಅಂತ ಸೇರಿಸಿದ ಮೇಲೆ ನನ್ನ ಹಾಳೇಲಿ ನಿಂತಿದ್ದು 39. ಹಾಗಂತ ರಾಲೀನ ಬಿಡಬೇಕಾ? ಖಂಡಿತ ಬೇಡ. ಬೇರೆ ಕ್ಯಾಚರ್‌ಗಳು 20 ಹೊಡೆದ್ರೆ ಹಬ್ಬ ಮಾಡ್ತೀವಿ, ಇವನು 39 ಹೊಡೆದ್ರೂ ಆ ಜಾಗದಲ್ಲಿ ದೊಡ್ಡ ಲಾಭ, ಮೇಲಾಗಿ ಕೀಪಿಂಗ್ ಇಲ್ಲದ ದಿನ ಡಿಎಚ್ ಆಗಿ, ಅಂದ್ರೆ ಫೀಲ್ಡಿಂಗ್ ಇಲ್ಲದೆ ಬರೀ ಬ್ಯಾಟರ್ ಆಗಿ, ಆಡ್ತಾನೆ. ಆದ್ರೆ 60ಕ್ಕೆ ಬೆಲೆ ಕಟ್ಟೋದು ಬೇರೆ, 39ಕ್ಕೆ ಕಟ್ಟೋದು ಬೇರೆ. ಆವರೇಜು .247 ಅನ್ನೋದೂ ನೆನಪಿರಲಿ.

ಸ್ಟೀಲ್ ಲೆಕ್ಕಾನೇ ಎಲ್ಲಕ್ಕಿಂತ ಕಷ್ಟ. 2023ರಲ್ಲಿ ನಿಯಮ ಬದಲಾಯಿಸಿದ್ರು, ಬೇಸ್‌ನ ಅಗಲ 15 ಇಂಚಿನಿಂದ 18 ಇಂಚಿಗೆ ಏರಿಸಿದ್ರು, ಪಿಚರ್ ಓಟಗಾರನನ್ನ ಹೆದರಿಸೋಕೆ ಪದೇ ಪದೇ ಎಸೆತ ನಿಲ್ಲಿಸೋ ಹಾಗಿಲ್ಲ ಅಂದ್ರು. 2022ರಲ್ಲಿ ಇಡೀ ಲೀಗ್‌ನಲ್ಲಿ 2,486 ಸ್ಟೀಲ್ ಇದ್ದಿದ್ದು 2023ಕ್ಕೆ 3,503 ಆಯ್ತು. ಹಾಗಾಗಿ ಮೊದಲು 20 ಸ್ಟೀಲ್ ಅಂದ್ರೆ ಬಂಗಾರ, ಈಗ ಅಷ್ಟಿಲ್ಲ. ಜೊತೆಗೆ ಸ್ಟೀಲ್ ಅನ್ನೋದು ಕಾಲಿಗಿಂತ ಮನಸ್ಸಿನ ಮೇಲೆ, ಟೀಮಿನ ಕೋಚ್ ಮೇಲೆ ನಿಂತಿದೆ. ಹ್ವಾನ್ ಸೋಟೋ 2024ರಲ್ಲಿ 7 ಸ್ಟೀಲ್ ಮಾಡಿದ್ರು, ನ್ಯೂಯಾರ್ಕ್ ಮೆಟ್ಸ್ ಟೀಮಿಗೆ ಹೋದ ಮೇಲೆ 2025ರಲ್ಲಿ 38! ವೇಗ ಏನೂ ಜಾಸ್ತಿ ಆಗಿಲ್ಲ. ಜಾಶ್ ನೇಲರ್ ಅಂತೂ ಲೀಗ್‌ನ ಅತಿ ನಿಧಾನದ ಓಟಗಾರರಲ್ಲಿ ಒಬ್ಬ, 30 ಸ್ಟೀಲ್ ಮಾಡಿದ್ದಾನೆ. ಪಿಚರ್ ಕಾಲೆತ್ತೋ ಘಳಿಗೆ ಓದ್ಕೊಂಡು ಓಡೋದು ಅದು. ಸೋಟೋಗೆ ಅದೇ ಲೆಕ್ಕ ಹಾಕಿ, 38, 7, 12, ಬರೋದು 21. ನಾನು ಅವರಿಗೆ 21 ಅಂತಾನೇ ಬರ್ಕೊಂಡಿದೀನಿ, ಅದಕ್ಕಿಂತ ಮೇಲೆ ಬಂದಿದ್ದೆಲ್ಲಾ ಲಾಭ. ರೊನಾಲ್ಡ್ ಅಕುನ್ಯಾ ಇದಕ್ಕೆ ಉಲ್ಟಾ, 2023ರಲ್ಲಿ 41 ಹೋಮ್ ರನ್, 73 ಸ್ಟೀಲ್, 2024ರಲ್ಲಿ ಮಂಡಿ ಹರೀತು, 2025ರಲ್ಲಿ ವಾಪಸ್ ಬಂದು 95 ಮ್ಯಾಚಲ್ಲಿ 21 ಹೋಮ್ ರನ್ ಹೊಡೆದ್ರು, ಆದ್ರೆ ಸ್ಟೀಲ್ ಬರೀ 9. ಎರಡೂ ಮಂಡಿಗೆ ಆಪರೇಷನ್ ಆಗಿರೋ ಮನುಷ್ಯನ ಹತ್ರ 73 ಕೇಳೋಕಾಗಲ್ಲ, ಅವರನ್ನ ಬರೀ ಬ್ಯಾಟಿಗೆ ತಗೋಬೇಕು.

ಪಿಚರ್ ವಿಷಯದಲ್ಲಿ ನಾನು ಗೆಲುವನ್ನ ನೋಡೋದೇ ಬಿಟ್ಟಿದೀನಿ. ಪಾಲ್ ಸ್ಕೀನ್ಸ್ 2025ರಲ್ಲಿ 1.97 ಇಆರ್‌ಎ ಇಟ್ಟು ಸೈ ಯಂಗ್ ಗೆದ್ರು, ಗೆಲುವು 10, ಸೋಲು 10. ತನ್ನ ಟೀಮಿನ ಬ್ಯಾಟರ್‌ಗಳೇ ರನ್ ಮಾಡದಿದ್ರೆ ಪಿಚರ್ ಏನು ಮಾಡ್ತಾನೆ? ಜೇಕಬ್ ಡಿಗ್ರಾಮ್ ಅನ್ನೋ ಪಿಚರ್‌ಗೂ 2018ರಲ್ಲಿ ಹಾಗೇ ಆಗಿತ್ತು, 1.70 ಇಆರ್‌ಎ, ಬರೀ 10 ಗೆಲುವು. ನಾನು ನೋಡೋದು ಎರಡೇ, ಎದುರಿಸಿದ ಬ್ಯಾಟರ್‌ಗಳಲ್ಲಿ ನೂರಕ್ಕೆ ಎಷ್ಟು ಜನರನ್ನ ಸ್ಟ್ರೈಕ್‌ಔಟ್ ಮಾಡ್ತಾನೆ, ಎಷ್ಟು ಜನರಿಗೆ ವಾಕ್, ಅಂದ್ರೆ ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಮೊದಲ ಬೇಸ್, ಕೊಡ್ತಾನೆ, ಒಂದರಲ್ಲಿ ಇನ್ನೊಂದು ಕಳೆಯೋದು. ಸ್ನೆಲ್ 2023ರಲ್ಲಿ 234 ಸ್ಟ್ರೈಕ್‌ಔಟ್ ಜೊತೆ 99 ವಾಕ್ ಕೊಟ್ಟಿದ್ರು, ಇಡೀ ಮೇಜರ್ ಲೀಗ್‌ನಲ್ಲಿ ಅದೇ ಅತಿ ಹೆಚ್ಚು. ಬೇಸ್ ತುಂಬಿಸ್ಕೊಂಡು ಪ್ರತಿ ಸಲ ಪಾರಾಗ್ತಾ ಇದ್ರು. ಆ 99 ನಾನು ಆಗ ನೋಡಿದ್ರೆ 2.25ಕ್ಕೆ ಬೆಲೆ ಕಟ್ತಾ ಇರ್ಲಿಲ್ಲ. ಅದೇ ಥರ ಅವರ ಸ್ಟ್ರೈಕ್‌ಔಟ್ ನೋಡಿದ್ರೆ ಜೂನ್‌ನಲ್ಲಿ ಬಿಡ್ತಾನೂ ಇರ್ಲಿಲ್ಲ.

ಇನ್ನು ಕ್ಲೋಸರ್‌ಗಳಿಗೆ, ಅಂದ್ರೆ ಕೊನೇ ಇನ್ನಿಂಗ್ಸ್‌ಗೆ ಬಂದು ಸೇವ್ ಮಾಡೋ ಪಿಚರ್‌ಗಳಿಗೆ, ನಾನು ಮೊದಲ ಎಂಟು ರೌಂಡಲ್ಲಿ ಕೈ ಹಾಕೋಲ್ಲ. ಕೆಲಸ ಯಾವಾಗ ಬೇಕಾದ್ರೂ ಹೋಗತ್ತೆ ಅವರದ್ದು.

ಫೆಬ್ರವರಿ, ಮಾರ್ಚ್ ಬಂದ್ರೆ ನಂಗೆ ಒಂದು ಅದೃಷ್ಟ ಇದೆ. 15 ಟೀಮುಗಳು ಕ್ಯಾಕ್ಟಸ್ ಲೀಗ್ ಅಭ್ಯಾಸಕ್ಕೆ ಫೀನಿಕ್ಸ್ ಸುತ್ತಮುತ್ತಾನೇ ಬರ್ತವೆ. ಸ್ಕಾಟ್ಸ್‌ಡೇಲ್ ಹತ್ರ ಸಾಲ್ಟ್ ರಿವರ್ ಫೀಲ್ಡ್ಸ್‌ನಲ್ಲಿ ಔಟ್‌ಫೀಲ್ಡ್ ಹಿಂದಿನ ಹುಲ್ಲಿನ ದಿಬ್ಬದ ಮೇಲೆ ಜಮಖಾನ ಹಾಸಿ, ಡಬ್ಬೀಲಿ ಪುಳಿಯೋಗರೆ ಇಟ್ಕೊಂಡು ಕೂತ್ಬಿಡ್ತೀವಿ. ಅಲ್ಲಿ ಯಾರು ಎಷ್ಟು ಹೊಡೆದ್ರು ಅಂತ ನಾನು ಬರ್ಕೊಳ್ಳೋದೇ ಇಲ್ಲ, ಐದನೇ ಇನ್ನಿಂಗ್ಸ್‌ಗೆ ದೊಡ್ಡವರೆಲ್ಲಾ ಮನೆಗೆ ಹೋಗಿರ್ತಾರೆ, ಆಮೇಲೆ 80, 90ನೇ ನಂಬರ್ ಜೆರ್ಸಿ ಹುಡುಗರು ಆಡ್ತಿರ್ತಾರೆ. ನಾನು ಬರ್ಕೊಳ್ಳೋದು ಎರಡು ವಿಷಯ. ಬ್ಯಾಟಿಂಗ್ ಆರ್ಡರ್‌ನಲ್ಲಿ ಯಾರು ಮೊದಲು ಬರ್ತಿದಾರೆ, ಯಾಕಂದ್ರೆ ಮೊದಲು ಬರೋನಿಗೂ ಏಳನೇದಾಗಿ ಬರೋನಿಗೂ ವರ್ಷಕ್ಕೆ ನೂರು ಸಲ ಬ್ಯಾಟಿಂಗ್ ಆದ್ರೂ ವ್ಯತ್ಯಾಸ. ಇನ್ನೊಂದು ಪಿಚರ್‌ನ ವೇಗ. ಹೋದ ಮಾರ್ಚ್‌ನಲ್ಲಿ ನಾನು ತಗೋಬೇಕು ಅಂತಿದ್ದ ಒಬ್ಬ ಪಿಚರ್, ಹಿಂದಿನ ವರ್ಷ 95 ಮೈಲಿ ಎಸೀತಿದ್ದವನು, ಬೋರ್ಡ್ ಮೇಲೆ 92, 92, 91, ಮತ್ತೆ 92. ಮಗಳು ಪಕ್ಕದಲ್ಲಿ ಕೂತು ಒಂದೊಂದೇ ನಂಬರ್ ಓದ್ತಿದ್ಲು, ನಾನು ಬರ್ಕೋತಿದ್ದೆ, ನಾಲ್ಕನೇ ಇನ್ನಿಂಗ್ಸ್‌ಗೆ ಅವನು ಎರಡು ಸಲ ಮೊಣಕೈ ಜಾಡಿಸ್ದ. ಅವನ ಹೆಸರು ಹೊಡೆದು ಹಾಕ್ದೆ. ಮೇ ತಿಂಗಳಲ್ಲಿ ಗಾಯಾಳುಗಳ ಪಟ್ಟಿ ಸೇರಿದ. ಪಿಚರ್‌ಗೆ ಮೊಣಕೈ ಹೋದ್ರೆ, ಟಾಮಿ ಜಾನ್ ಆಪರೇಷನ್ ಅಂದ್ರೆ, ಒಂದು ವರ್ಷಕ್ಕಿಂತ ಕಮ್ಮಿ ಇಲ್ಲ, ಹುಡುಗನಿಗೆ ಪಾಪ ಅನ್ಸತ್ತೆ, ಆದ್ರೆ ನನ್ನ ಟೀಮಲ್ಲಿ ಇಟ್ಕೊಳೋಕಾಗಲ್ಲ.

ಈ ಸಲ ಮಾರ್ಚ್‌ನಲ್ಲಿ ದೇಶ ದೇಶಗಳ ನಡುವಿನ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಬೇರೆ ಇದೆ, ದೊಡ್ಡ ಆಟಗಾರರು ಸುಮಾರು ಜನ ಅಲ್ಲಿರ್ತಾರೆ, ಹಾಗಾಗಿ ಇಲ್ಲಿ ನೋಡೋಕೆ ಕಮ್ಮಿ ಸಿಗತ್ತೆ. 2026ರಿಂದ ಬಾಲು ಸ್ಟ್ರೈಕಾ ಅಲ್ವಾ ಅಂತ ಅಂಪೈರ್ ತೀರ್ಪನ್ನ ಯಂತ್ರಕ್ಕೆ ಚಾಲೆಂಜ್ ಮಾಡಬಹುದು, ಟೀಮಿಗೆ ಎರಡು ಚಾಲೆಂಜ್ ಇಂದ ಶುರು. ಕಣ್ಣು ಚುರುಕಿರೋ, ವಾಕ್ ಜಾಸ್ತಿ ತಗೊಳೋ ಬ್ಯಾಟರ್‌ಗೆ ಇದರಿಂದ ಅನುಕೂಲ ಅಂತ ನನ್ನ ಅನಿಸಿಕೆ, ಸರಿಸಮ ಇರೋ ಇಬ್ಬರಲ್ಲಿ ಒಬ್ಬನನ್ನ ಆರಿಸೋವಾಗ ಆ ಕಡೆ ವಾಲ್ತೀನಿ.

ನಮ್ಮ ಡ್ರಾಫ್ಟು ಸೀಸನ್ ಶುರುವಿನ ಹಿಂದಿನ ಭಾನುವಾರ. ನನ್ನ ಸರದಿ ಒಂಬತ್ತನೇದು ಅಂತ ಚೀಟಿ ಬಂದಿದೆ. ಮೊದಲ ರೌಂಡಿಗೆ ಸೋಟೋ ಉಳಿಯೋಲ್ಲ, ಎರಡನೇದಕ್ಕೆ ರಾಲೀ ಉಳಿದ್ರೆ ತಗೋತೀನಿ, 39 ಅಂತಾನೇ ಲೆಕ್ಕ ಹಾಕಿ. ಕ್ಯಾರಲ್‌ನ ಸಾಲು ಇನ್ನೂ ತುಂಬಿಲ್ಲ, ಅದನ್ನ ಟೀ ಶರ್ಟ್ ಒಗೆಯೋಕೆ ಹಾಕಿರೋ ದಿನ ಕೂತು ತುಂಬ್ತೀನಿ.