ಐದು ಹಾಡಿನ ಇಪಿ: ಸಿಂಗಲ್ ಬಿಡುವ ಮುಂಚೆಯೇ ಮುಗಿಯಬೇಕಾದ ಕೆಲಸ

ಧ್ವನಿಮುದ್ರಿಸಿದ ದನಿಗಳನ್ನು ಹದವಾಗಿ ಬೆರೆಸುವ ಮಿಕ್ಸ್ ಮುಗಿಯುತ್ತಿದ್ದಂತೆ ಇದ್ದುದರಲ್ಲಿ ಚೆನ್ನಾಗಿರುವ ಹಾಡೊಂದನ್ನು ಆತುರಾತುರವಾಗಿ ಸಿಂಗಲ್, ಅಂದರೆ ಬಿಡಿ ಹಾಡು, ಮಾಡಿ ಬಿಡುವ ಬ್ಯಾಂಡ್‌ಗಳೇ ಹೆಚ್ಚು. ಆಲ್ಬಮ್‌ಗಿಂತ ಚಿಕ್ಕದಾದ ಇಪಿಯ ತಲೆನೋವು ಶುರುವಾಗುವುದೂ ಅಲ್ಲಿಂದಲೇ. ಮೊದಲ ಸಿಂಗಲ್ ಹೊರಬೀಳುವ ಹೊತ್ತಿಗೆ ಇಡೀ ಇಪಿಯ ಮಾಸ್ಟರಿಂಗ್ (ಮಿಕ್ಸ್ ಆದ ಹಾಡಿಗೆ ಕೊಡುವ ಕೊನೆಯ ಧ್ವನಿ ಹದ) ಆಗಿ, ಹಾಡುಗಳ ಕ್ರಮವೂ ಗಟ್ಟಿಯಾಗಿರಬೇಕು.

ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್ ಎರಡರಲ್ಲೂ ನಾಲ್ಕರಿಂದ ಆರು ಹಾಡು, ಒಟ್ಟು 30 ನಿಮಿಷದೊಳಗಿದ್ದರೆ ಇಪಿ. ಮೂರೇ ಹಾಡಿದ್ದು ಯಾವುದೂ 10 ನಿಮಿಷ ಮುಟ್ಟದಿದ್ದರೆ, ಕವರ್ ಮೇಲೆ ಏನೇ ಬರೆದಿದ್ದರೂ ಅದು ಸಿಂಗಲ್ ಸಾಲಿಗೇ ಹೋಗುತ್ತದೆ.

ಹಾಡು ಬಿಡುವ ಸರಳ ದಾರಿ ಹೀಗಿದೆ. ಮೊದಲು ಒಂದು ಹಾಡು. ಕೆಲವು ವಾರ ಬಿಟ್ಟು ಎರಡನೆಯ ಹಾಡಿನ ಜತೆ ಮೊದಲನೆಯದೂ ಇರುವ ಒಂದು ರಿಲೀಸ್. ಕೊನೆಗೆ ಐದೂ ಹಾಡಿನ ಇಪಿ. ಪ್ರತಿ ರಿಲೀಸ್‌ಗೂ ಬಾರ್‌ಕೋಡ್ ಸಂಖ್ಯೆ ಹೊಸದು. ಹಾಡಿನ ರೆಕಾರ್ಡಿಂಗನ್ನು ಗುರುತಿಸುವ 12 ಅಕ್ಷರದ ಕೋಡ್ ಆದ ಐಎಸ್‌ಆರ್‌ಸಿ ಮಾತ್ರ ಮೊದಲಿನದೇ. ಹಾಡನ್ನು ಈ ಸೇವೆಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಫಾರ್ಮ್‌ನಲ್ಲಿ ಆ ಜಾಗವನ್ನು ಖಾಲಿ ಬಿಟ್ಟರೆ ತಾನಾಗಿ ಹೊಸ ಕೋಡ್ ಬೀಳುತ್ತದೆ, ಸಿಂಗಲ್‌ಗೆ ಸೇರಿದ ಪ್ಲೇ ಎಣಿಕೆ ಇಪಿಯಲ್ಲಿ ಸೊನ್ನೆಯಿಂದ ಶುರುವಾಗುತ್ತದೆ.

ಕೋಡ್ ಒಂದೇ ಇದ್ದರೂ ಸಾಲದು, ಆಡಿಯೊ ಫೈಲ್ ಕೂಡ ಅದೇ ಆಗಿರಬೇಕು. ಸಿಂಗಲ್‌ಗೆಂದು ಒಮ್ಮೆ ಮಾಸ್ಟರ್ ಮಾಡಿಸಿ, ಇಪಿಗೆ ಬಂದಾಗ ಮುಂದಿನ ಹಾಡಿಗೆ ಉಸಿರಾಡಲು ಜಾಗ ಬೇಕೆಂದು ಕೊನೆಯಲ್ಲಿ ಎರಡು ಸೆಕೆಂಡ್ ಮೌನ ಸೇರಿಸಿದಿರಿ ಅನ್ನಿ: ಉದ್ದ ಬದಲಾಯಿತು, ಎಣಿಕೆ ಎರಡಾಗಿ ಒಡೆಯುವ ಸಾಧ್ಯತೆಯೂ ಬಂತು. ಹಾಡುಗಳ ಕ್ರಮ ಮೊದಲೇ ತೀರ್ಮಾನವಾಗಬೇಕು ಅನ್ನುವುದು ಇದಕ್ಕೇ. ನಡುವಿನ ಮೌನ ಫೈಲ್‌ನೊಳಗೇ ಕೂತಿರುತ್ತದೆ.

ಫೈಲ್ 24 ಬಿಟ್, 44.1 ಕಿಲೋಹರ್ಟ್ಸ್ ವೇವ್ (ಕುಗ್ಗಿಸದ ಆಡಿಯೊ) ಇರಲಿ. ಎಂಪಿ3ಯನ್ನು ಮತ್ತೆ ವೇವ್‌ಗೆ ತಿರುಗಿಸಿ ಕೊಟ್ಟರೆ ಹೋದದ್ದು ವಾಪಸ್ ಬರುವುದಿಲ್ಲ, ಸಿಂಬಲ್ ಸದ್ದಿನಲ್ಲಿ ಅದು ಎದ್ದು ಕೇಳುತ್ತದೆ. ಸ್ಪಾಟಿಫೈ ಸಾಮಾನ್ಯವಾಗಿ, ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾನದಲ್ಲಿ, ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ಸದ್ದನ್ನು ಹೊಂದಿಸುತ್ತದೆ. ಹಾಗೆಂದು ಡಿಸ್ಟಾರ್ಷನ್ ತುಂಬಿದ ಗಿಟಾರ್ ಹಾಡನ್ನು ಅಲ್ಲಿಗೇ ಇಳಿಸಬೇಕಿಲ್ಲ. ಜೋರಾಗಿದ್ದರೆ ಅವರೇ ತಗ್ಗಿಸುತ್ತಾರೆ. ಟ್ರೂ ಪೀಕ್ (ಸದ್ದಿನ ನಿಜವಾದ ಗರಿಷ್ಠ ಮಟ್ಟ) ಮಾತ್ರ ಮೈನಸ್ 1 ಡಿಬಿ ದಾಟದಿರಲಿ, ಜೋರು ಮಾಸ್ಟರ್ ಆದರೆ ಮೈನಸ್ 2. ಕಂಪ್ರೆಸ್ ಆಗುವಾಗ ಶಿಖರಗಳು ಮೇಲೇರಿ ಒಡೆಯುವುದು ಇದರಿಂದ ತಪ್ಪುತ್ತದೆ. ಇಪಿಯನ್ನು ಸಾಲಾಗಿ ಕೇಳುವಾಗ ಸ್ಪಾಟಿಫೈ ಎಲ್ಲ ಹಾಡಿಗೂ ಒಂದೇ ಪ್ರಮಾಣದ ಹೊಂದಾಣಿಕೆ ಮಾಡುವುದರಿಂದ, ಮೆಲುದನಿಯ ಹಾಡನ್ನು ಉಳಿದವುಗಳ ಸಮಕ್ಕೆ ಎತ್ತಿ ಕೊಲ್ಲಬೇಡಿ.

ಕವರ್ 3000 x 3000 ಪಿಕ್ಸೆಲ್, ಪರದೆಯ ಬಣ್ಣ ಪದ್ಧತಿಯಾದ ಆರ್‌ಜಿಬಿ. ಮುದ್ರಣಕ್ಕೆಂದು ಸಿಎಂವೈಕೆಯಲ್ಲಿ ಮಾಡಿದ್ದು ತಿರಸ್ಕೃತವಾಗಬಹುದು. ವೆಬ್ ವಿಳಾಸ, ಬೆಲೆ ಇದ್ದರೂ ಅದೇ ಗತಿ. ನಿಮ್ಮ ಹೆಸರಿನದೇ ಇನ್ನೊಂದು ಬ್ಯಾಂಡ್ ಇದ್ದರೆ ಹಾಡು ಅವರ ಪುಟಕ್ಕೆ ಹೋಗಿ ಕೂರುತ್ತದೆ, ಆದ್ದರಿಂದ ಅಪ್‌ಲೋಡ್ ಮಾಡುವಾಗಲೇ ನಿಮ್ಮ ಪುಟದ ಲಿಂಕ್ ಕೊಡಿ. ಯಾರಿಗೆ ಎಷ್ಟು ಪಾಲು ಅನ್ನುವುದನ್ನು ಡ್ರಮ್ಮರ್ ಸೇರಿ ಎಲ್ಲರೂ ಸಹಿ ಹಾಕಿದ ಒಂದು ಹಾಳೆಯಲ್ಲಿ ಬರೆದಿಡಿ.

ಅಪ್‌ಲೋಡ್ ಬಿಡುಗಡೆಗೆ ನಾಲ್ಕು ವಾರ ಮುಂಚೆ ಆಗಲಿ. ಸ್ಪಾಟಿಫೈ ಸಂಪಾದಕರಿಗೆ ಪಿಚ್ ಮಾಡಲು, ಅಂದರೆ ಪ್ಲೇಲಿಸ್ಟ್‌ಗೆ ಸೇರಿಸಿ ಎಂದು ಕೇಳಿಕೊಳ್ಳಲು, ಕಡೇ ಪಕ್ಷ 7 ದಿನ ಮೊದಲು ಹೋಗಬೇಕು. ಆಗ ಆ ಹಾಡು ಫಾಲೋವರ್‌ಗಳ ಹೊಸ ಹಾಡುಗಳ ಪ್ಲೇಲಿಸ್ಟ್ ಆದ ರಿಲೀಸ್ ರಾಡಾರ್‌ಗೂ ಬರುತ್ತದೆ. ಪಿಚ್ ಆಗುವುದು ಒಂದು ಸಲಕ್ಕೆ ಒಂದೇ ಹಾಡು, ಅದೂ ಇನ್ನೂ ಬಿಡುಗಡೆಯಾಗದ್ದು. ಒಳ್ಳೆಯದನ್ನೆಲ್ಲ ಸಿಂಗಲ್‌ನಲ್ಲೇ ಖರ್ಚು ಮಾಡಿದವರಿಗೆ ಇಪಿಯ ದಿನ ಪಿಚ್ ಮಾಡಲು ಸಪ್ಪೆ ಹಾಡೇ ಗತಿ. ಗಟ್ಟಿಯಾದ ಒಂದನ್ನು ಕೊನೆಯವರೆಗೂ ಒಳಗಿಟ್ಟುಕೊಳ್ಳಿ.

ಹಣದ ಲೆಕ್ಕದಲ್ಲಿ, ಬ್ಯಾಂಡ್‌ಗಳು ಕೇಳುಗರಿಗೆ ನೇರವಾಗಿ ಸಂಗೀತ ಮಾರುವ ತಾಣ ಬ್ಯಾಂಡ್‌ಕ್ಯಾಂಪ್ ಬೇರೆಯೇ. ಡಿಜಿಟಲ್ ಮಾರಾಟದಲ್ಲಿ ಅವರ ಪಾಲು ಶೇ 15, ಭೌತಿಕ ಪ್ರತಿಗಳಲ್ಲಿ ಶೇ 10. ಪಾವತಿ ಶುಲ್ಕ ಪ್ರತ್ಯೇಕ. ಸ್ಪಾಟಿಫೈನಲ್ಲಾದರೆ 2024ರಿಂದ, ಹಿಂದಿನ 12 ತಿಂಗಳಲ್ಲಿ 1000 ಸ್ಟ್ರೀಮ್ ಮುಟ್ಟದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿಯೇ ಇಲ್ಲ.

ವಿನೈಲ್ ಬೇಕೆಂದರೆ, ನಿಮಿಷಕ್ಕೆ 45 ಸುತ್ತು ತಿರುಗುವ, ಅಂದರೆ 45 ಆರ್‌ಪಿಎಂನ ಏಳಿಂಚಿನ ತಟ್ಟೆಯ ಒಂದು ಬದಿಗೆ ನಾಲ್ಕೂವರೆ ನಿಮಿಷದ ಆಚೆ ತುರುಕಬೇಡಿ, ಸದ್ದು ಸಣ್ಣಗಾಗುತ್ತದೆ. ಐದು ಹಾಡಿಗೆ ಹನ್ನೆರಡಿಂಚಿನದೇ ಸರಿ. ಒಳಸುತ್ತಿಗೆ ಬರುತ್ತ ಮೇಲಿನ ಸ್ವರಗಳ ಹೊಳಪು ಕುಂದಿ ‘ಸ’ ಅಕ್ಷರದ ಸದ್ದು ಕರ್ಕಶವಾಗುವುದರಿಂದ, ಪ್ರತಿ ಬದಿಯ ಕೊನೆಗೆ ಮೆಲುವಾದ ಹಾಡು ಇಡಿ.