ಕಾಟಾದ ಚೀಟಿ ತಡವಾಗಲು ಕಾರಣ ನೆಟ್ ಅಲ್ಲ, ಟೈಮ್‌ಔಟ್

ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್ಲುಗಳ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಭತ್ತದ ಸುಗ್ಗಿಯಲ್ಲಿ ಗಾಡಿ ತೂಗುವ ಕಾಟಾದ ಮುಂದೆ ಲಾರಿ, ಟ್ರ್ಯಾಕ್ಟರ್ ಸಾಲುಗಟ್ಟುತ್ತವೆ. ಒಂದು ಮಿಲ್ಲಿನಲ್ಲಿ ತೂಕ ಪರದೆಗೆ ತಕ್ಷಣ ಬರುತ್ತಿತ್ತು, ಚೀಟಿ ಮಾತ್ರ ಹತ್ತು ಸೆಕೆಂಡ್ ತಡ. "ನೆಟ್ ಸ್ಲೋ ಐತ್ರಿ, ದೊಡ್ಡ ಪ್ಲಾನ್ ಹಾಕಸ್ರಿ" ಅಂತ ಗುಮಾಸ್ತರು ಆಗಲೇ ಸಾಹುಕಾರರ ಕಿವಿಗೆ ಹಾಕಿದ್ದರು.

ಲೈನ್ ನಿಧಾನವಿದ್ದರೆ ಒಮ್ಮೆ ಮೂರು ಸೆಕೆಂಡ್, ಇನ್ನೊಮ್ಮೆ ಎಂಟು ಆಗಬೇಕು. ಪ್ರತಿ ಸಲವೂ ಐದರ ಮಗ್ಗಿಯಲ್ಲೇ ತಡವಾದರೆ ನನಗೆ ಟೈಮ್‌ಔಟ್, ಅಂದರೆ ಉತ್ತರಕ್ಕೆ ಕಾಯುವ ಗಡುವಿನ ಮೇಲೆಯೇ ಅನುಮಾನ.

ಕಾಟಾದ ಕೋಣೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ನೆಟ್‌ವರ್ಕಿನಲ್ಲಿ ಹೋಗಿಬರುವುದನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ, ಹೆಸರು ಹುಡುಕುವ ಪ್ರಶ್ನೆಗಳು ಸಾಗುವ 53ನೇ ಪೋರ್ಟ್ ನೋಡಿದೆ. ಸರ್ವರ್ ಹೆಸರಿನ ವಿಳಾಸ ಕೇಳುವ ಪ್ರಶ್ನೆ ಮೊದಲ ಡಿಎನ್‌ಎಸ್‌ಗೆ (ಹೆಸರಿಗೆ ವಿಳಾಸ ಹೇಳುವ ಸರ್ವರ್) ಹೋಯಿತು, ಉತ್ತರವಿಲ್ಲ. ಸರಿಯಾಗಿ 5 ಸೆಕೆಂಡಿನ ನಂತರ ಅದೇ ಪ್ರಶ್ನೆ ಎರಡನೆಯದಕ್ಕೆ, ಕಣ್ಣುಮಿಟುಕಿಸುವುದರೊಳಗೆ ಉತ್ತರ. ಮೊದಲ ವಿಳಾಸ ಯಾವಾಗಲೋ ತೆಗೆದುಹಾಕಿದ್ದ ಹಳೇ ಸರ್ವರಿನದು, ರೌಟರ್ ಇನ್ನೂ ಅದನ್ನೇ ಹಂಚುತ್ತಿತ್ತು. ಲಿನಕ್ಸಿನಲ್ಲಿ ಹೆಸರು ಹುಡುಕುವ ಮಾಮೂಲಿ ರಿಸಾಲ್ವರ್ ಒಂದು ಸರ್ವರಿಗೆ 5 ಸೆಕೆಂಡ್ ಕಾಯುತ್ತದೆ. ಅದು ಸತ್ತಿದೆ ಎಂಬುದನ್ನು ನೆನಪಿಟ್ಟುಕೊಳ್ಳುವುದೂ ಇಲ್ಲ. ಚೀಟಿಗೆ ಎರಡು ಹೆಸರು ಹುಡುಕಬೇಕಿತ್ತು, ಡೇಟಾಬೇಸಿನದೊಂದು, ಬ್ಯಾಕಪ್‌ನದೊಂದು. ಅಲ್ಲಿಗೆ ಹತ್ತರ ಲೆಕ್ಕ ಸಿಕ್ಕಿತು.

ಸತ್ತ ವಿಳಾಸ ಕಿತ್ತುಹಾಕುವುದೇ ನಿಜವಾದ ಔಷಧ, ಅದನ್ನು ಮೊದಲು ಮಾಡಿದೆ. ಆಮೇಲೆ ರಿಸಾಲ್ವರಿಗೆ ಟೈಮ್‌ಔಟ್ 1 (ಸೆಕೆಂಡ್), ಅಟೆಂಪ್ಟ್ಸ್ 2 (ಯತ್ನ) ಎಂದು ಹಾಕಿದೆ. ಇದನ್ನು ನೇರವಾಗಿ ರಿಸಾಲ್ವ್ ಡಾಟ್ ಕಾನ್ಫ್ ಫೈಲಿನಲ್ಲಿ ಬರೆದರೆ ಕರೆಂಟ್ ಹೋಗಿಬಂದಾಗ ಲಿನಕ್ಸಿನ ನೆಟ್ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಪ್ರೋಗ್ರಾಂ ಅಳಿಸಿಬಿಡುತ್ತದೆ. ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ! ಅದಕ್ಕೇ ನೆಟ್‌ವರ್ಕ್ ಮ್ಯಾನೇಜರಿನ ಕನೆಕ್ಷನ್ ಸೆಟ್ಟಿಂಗಿನಲ್ಲೇ ಕೂರಿಸಬೇಕು.

ಇನ್ನೊಂದು ಕಾಟ ಊಟದ ಹೊತ್ತು ಮುಗಿದ ಮೇಲಿನದು. ಮಧ್ಯಾಹ್ನದ ಮೊದಲ ಗಾಡಿ ಬಂದಾಗ ಪ್ರೋಗ್ರಾಂ ಹೆಚ್ಚುಕಡಿಮೆ ಕಾಲುಗಂಟೆ ಹೆಪ್ಪುಗಟ್ಟುತ್ತಿತ್ತು. ಮಿಲ್ಲಿನ 4ಜಿ ಸಂಪರ್ಕದಲ್ಲಿ ಸುಮ್ಮನಿರುವ ಕನೆಕ್ಷನ್ನನ್ನು ನಡುವಿನ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸಿಕೊಡುವ ವ್ಯವಸ್ಥೆ) ಸದ್ದಿಲ್ಲದೆ ಮರೆತುಬಿಡುತ್ತದೆ. ಆದರೆ ಲಿನಕ್ಸ್ ಕೀಪ್‌ಅಲೈವ್, ಅಂದರೆ ಆ ಕಡೆಯವರು ಇದ್ದಾರೋ ಎಂದು ಕೇಳುವ ಪುಟ್ಟ ಸಂದೇಶ, ಶುರುಮಾಡುವುದೇ 7200 ಸೆಕೆಂಡಿನ ಮೇಲೆ, ಅಂದರೆ ಎರಡು ಗಂಟೆ. ಅಷ್ಟರಲ್ಲಿ ಗಾಡಿ ಬಂದು ಡೇಟಾ ಹೊರಟರೆ ಅದನ್ನು ತಲುಪಿಸುವ ಟಿಸಿಪಿ ನಿಯಮಾವಳಿ ಸತ್ತ ದಾರಿಯಲ್ಲೇ ಮತ್ತೆ ಮತ್ತೆ ಕಳಿಸುತ್ತದೆ. ಮಾಮೂಲಿ 15 ಮರುಯತ್ನ ಮುಗಿಯಲು ಸುಮಾರು 924 ಸೆಕೆಂಡ್ ಬೇಕು.

ಡೇಟಾಬೇಸ್ ಪೋಸ್ಟ್‌ಗ್ರೆಸ್ ಆದ್ದರಿಂದ ಪ್ರೋಗ್ರಾಂ ಅದಕ್ಕೆ ಸಂಪರ್ಕಿಸುವ ಕನೆಕ್ಷನ್ ಸಾಲಿನಲ್ಲೇ ಕೀಪ್‌ಅಲೈವ್ 60 ಸೆಕೆಂಡಿಗೆ ಇಳಿಸಿದೆ. ನ್ಯಾಟ್‌ಗೆ ಆಗಾಗ ನೆನಪಿಸಿದಂತಾಗಿ ಕನೆಕ್ಷನ್ ಉಳಿಯುತ್ತದೆ. ಹಲವರು ಇಲ್ಲಿಗೇ ಬಿಡುತ್ತಾರೆ. ಕಳಿಸಿದ ಡೇಟಾಕ್ಕೆ ಉತ್ತರ ಬಾಕಿ ಇರುವಾಗ ಕೀಪ್‌ಅಲೈವ್ ಕೆಲಸಕ್ಕೆ ಬರುವುದಿಲ್ಲ. ಆ ಹೊತ್ತಿಗೆ ಬೇಕಾದದ್ದು ಟಿಸಿಪಿ ಯೂಸರ್ ಟೈಮ್‌ಔಟ್ (ಕಳಿಸಿದ ಡೇಟಾಕ್ಕೆ ಉತ್ತರ ಬಾರದಿದ್ದರೆ ಕನೆಕ್ಷನ್ ಕಡಿಯುವ ಗಡುವು), ಪೋಸ್ಟ್‌ಗ್ರೆಸ್ 12ರಿಂದ ಅದೂ ಕನೆಕ್ಷನ್ ಸಾಲಿನಲ್ಲೇ ಸಿಗುತ್ತದೆ. 30 ಸೆಕೆಂಡ್ ಇಟ್ಟೆ. ಅಲ್ಲಿ ಮಿಲಿಸೆಕೆಂಡಿನ ಲೆಕ್ಕ, 30000 ಎಂದು ಬರೆಯಬೇಕು.

ಈ ಮೂವತ್ತನ್ನು ಐದಕ್ಕೋ ಮೂರಕ್ಕೋ ಇಳಿಸಬಹುದಿತ್ತಲ್ಲ ಎಂದರೆ, ಸಂಜೆ ಟವರಿನ ಮೇಲೆ ಜನ ಹೆಚ್ಚಾದಾಗ ಸಿಗ್ನಲ್ ಕೆಲವು ಸೆಕೆಂಡ್ ಉಸಿರು ಹಿಡಿಯುತ್ತದೆ. ಆಗ ಬದುಕಿರುವ ಕನೆಕ್ಷನ್ನೂ ಕಡಿದುಹೋಗಿ, ಪ್ರೋಗ್ರಾಂ ಅದೇ ತೂಕವನ್ನು ಮತ್ತೆ ಕಳಿಸುತ್ತದೆ. ಆದ್ದರಿಂದ ಚೀಟಿ ನಂಬರ್ ಒಂದೇ ಇದ್ದರೆ ಎರಡನೇ ದಾಖಲೆ ಒಪ್ಪಬಾರದೆಂಬ ನಿಯಮವನ್ನೂ ಡೇಟಾಬೇಸಿನಲ್ಲಿ ಹಾಕಿಸಿದೆ.