ಪುಸ್ತಕವನ್ನಲ್ಲ, ತಾರೀಖನ್ನು ಹಿಡಿದು ಓದಿದ್ದು

ಯಹೂದಿ ಹತ್ಯಾಕಾಂಡದಿಂದ ಬದುಕುಳಿದವರ ನೆನಪಿನ ಬರಹಗಳನ್ನು ಸ್ಥಳ ಮತ್ತು ತಾರೀಖಿನ ಕ್ರಮದಲ್ಲಿ ಜೋಡಿಸಿಕೊಂಡು ಓದುತ್ತೇನೆಂದಾಗ ನಮ್ಮ ಓದುಗ ಬಳಗದ ಹಿರಿಯರು, ಇದು ಓದಲ್ಲ, ಲೆಕ್ಕ ತಪಾಸಣೆ ಎಂದಿದ್ದರು. ಅವರ ಸಲಹೆಯಂತೆ ಒಂದಾದ ಮೇಲೊಂದು ಪುಸ್ತಕವನ್ನು ಇಡಿಯಾಗಿ ಓದುತ್ತಾ ಹೋದಾಗ, ನಾಲ್ಕೈದು ಮುಗಿಯುವಷ್ಟರಲ್ಲಿ ರೈಲು, ಹಸಿವು, ಚಳಿ ಎಲ್ಲವೂ ಕಲಸಿಹೋಗಿ ಯಾರ ಮಾತು ಯಾರದೆಂದು ತಿಳಿಯದಾಗುತ್ತಿತ್ತು. ಪ್ರಕಟಣೆಯ ಇಸವಿಯ ಕ್ರಮವೂ ಉಪಯೋಗಕ್ಕೆ ಬರಲಿಲ್ಲ. ಇಟಲಿಯ ಯಹೂದಿ ಲೇಖಕ ಪ್ರಿಮೊ ಲೆವಿಯವರ ಮೊದಲ ಪುಸ್ತಕ 1947ರಲ್ಲಿ ಬಂದರೂ 1958ರ ಮರುಪ್ರಕಟಣೆಯ ನಂತರವಷ್ಟೇ ಹೆಚ್ಚು ಜನರನ್ನು ತಲುಪಿತು.

ನನ್ನ ಪದ್ಧತಿ ಫಲಿಸಿದ್ದು ನಾಜಿಗಳ ಆಶ್‌ವಿಟ್ಸ್ ಯಾತನಾ ಶಿಬಿರಗಳಲ್ಲೊಂದಾದ ಮೊನೊವಿಟ್ಸ್‌ನ ನೆನಪುಗಳನ್ನು ಓದುವಾಗ. ಇಟಲಿಯಿಂದ 1944ರ ಫೆಬ್ರವರಿಯಲ್ಲಿ ಬಂದ ಲೆವಿ, ಅದೇ ವರ್ಷದ ಮೇ ತಿಂಗಳಲ್ಲಿ ಸಿಗೆಟ್ ಎಂಬ ಊರಿನಿಂದ ಬಂದ, ಮುಂದೆ ಲೇಖಕರಾದ ಎಲೀ ವೀಸೆಲ್, ಇಬ್ಬರೂ 1945ರ ಜನವರಿಯಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿದ್ದರು. ಲೆವಿಗೆ ಸ್ಕಾರ್ಲೆಟ್ ಜ್ವರ, ವೀಸೆಲ್‌ಗೆ ಕಾಲಿನ ಶಸ್ತ್ರಚಿಕಿತ್ಸೆ. ಜನವರಿ 18ರ ಸುಮಾರಿಗೆ ಶಿಬಿರವನ್ನು ತೆರವುಗೊಳಿಸಿದಾಗ, ಉಳಿದವರನ್ನು ಕೊಲ್ಲುತ್ತಾರೆಂದು ಹೆದರಿ ವೀಸೆಲ್ ತಂದೆಯೊಂದಿಗೆ ಹಿಮದಲ್ಲಿ ಗ್ಲೈವಿಟ್ಸ್‌ವರೆಗೆ ನಡೆದರು; ಅಲ್ಲಿಂದ ತೆರೆದ ವ್ಯಾಗನ್ನುಗಳಲ್ಲಿ ಜರ್ಮನಿಯ ಬುಖೆನ್‌ವಾಲ್ಡ್ ಶಿಬಿರ ಸೇರಿದ ಮೇಲೆ ತಂದೆ ತೀರಿಕೊಂಡರು. ಎದ್ದು ನಡೆಯಲಾಗದೆ ಹಿಂದುಳಿದ ಲೆವಿ ಜನವರಿ 27ರಂದು ಸೋವಿಯತ್ ಸೈನಿಕರನ್ನು ಕಂಡರು. ನಡಿಗೆಯಲ್ಲಿ ಹೋದ ಅವರ ಆಪ್ತಮಿತ್ರ ಆಲ್ಬರ್ಟೊ ಮರಳಲಿಲ್ಲ. ಎರಡೂ ಪುಸ್ತಕಗಳ ಈ ಭಾಗಗಳನ್ನು ಒಂದೇ ಬೈಠಕ್ಕಿನಲ್ಲಿ, ಇದರಲ್ಲೊಂದು ದಿನ ಅದರಲ್ಲೊಂದು ದಿನ ಎಂದು ಓದಿಸಿದ ಮೇಲೆ ಬಳಗದಲ್ಲಿ ಆಕ್ಷೇಪ ಕೇಳಿಬಂದಿಲ್ಲ. ಈಗ ಹಿರಿಯರೇ ನನ್ನ ಸ್ಥಳ-ತಾರೀಖಿನ ಕೋಷ್ಟಕವನ್ನು ಕೇಳುತ್ತಾರೆ. ಯಾವ ಪುಟದಲ್ಲಿ ನಿಲ್ಲಿಸಿ ಇನ್ನೊಂದಕ್ಕೆ ಹೊರಳಬೇಕೆಂಬುದನ್ನು ಮಾತ್ರ ನಾನು ಯಾರಿಗೂ ಕೊಟ್ಟಿಲ್ಲ.

ಪುಸ್ತಕಗಳಿಗೆ, ಹಳೆಯವೂ ಸೇರಿ, ನಾಲ್ಕು ಸಾವಿರ ರೂಪಾಯಿಯ ಆಸುಪಾಸು ಖರ್ಚಾಗಿರಬೇಕು. ಸಾವಿರಕ್ಕೂ ಮೇಲ್ಪಟ್ಟು ತೆತ್ತು ತರಿಸಿದ ಅಟ್ಲಾಸಿನಲ್ಲಿ ಇಂದಿನ ಗಡಿಗಳಷ್ಟೇ ಇದ್ದವು. ಆಗ ಹಂಗೇರಿಯ ವಶದಲ್ಲಿದ್ದ ಸಿಗೆಟ್ ಇಂದು ರೊಮೇನಿಯದಲ್ಲಿದೆ, ಜರ್ಮನಿಯ ಗ್ಲೈವಿಟ್ಸ್ ಪೋಲೆಂಡಿನಲ್ಲಿದೆ. ಕೊನೆಗೆ ಕೆಲಸಕ್ಕೆ ಬಂದದ್ದು ಝೆರಾಕ್ಸ್ ಅಂಗಡಿಯಲ್ಲಿ ಇನ್ನೂರರೊಳಗೆ ದೊಡ್ಡದಾಗಿ ಮುದ್ರಿಸಿಕೊಂಡ 1944ರ ನಕ್ಷೆ.

ನಡುವೆ, ಜರ್ಮನಿಯ ಡ್ರೆಸ್ಡೆನ್‌ನಲ್ಲಿದ್ದ ಯಹೂದಿ ಮೂಲದ ಪ್ರಾಧ್ಯಾಪಕ ವಿಕ್ಟರ್ ಕ್ಲೆಂಪರರ್ ಅವರ ದಿನಚರಿಯನ್ನೂ ಇದೇ ಕೋಷ್ಟಕಕ್ಕೆ ಸೇರಿಸಿ ನೋಡಿದೆ. ಹೊಂದಲಿಲ್ಲ. ನೆನಪಿನಿಂದ ಬರೆಯುವವರಿಗೆ ಮುಂದಾಗಿದ್ದು ಗೊತ್ತಿರುತ್ತದೆ, ದಿನಚರಿ ಬರೆಯುವವರಿಗೆ ನಾಳೆಯೂ ಗೊತ್ತಿರುವುದಿಲ್ಲ. ಆದ್ದರಿಂದ ದಿನಚರಿಗಳಿಗೆ ಪ್ರತ್ಯೇಕ ಹಾಳೆ ಇಟ್ಟಿದ್ದೇನೆ. ಸದ್ಯ ಇಂದಿನ ಜೆಕ್ ದೇಶದಲ್ಲಿರುವ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಟೆರೇಜಿಯೆನ್‌ಶ್ಟಾಟ್ ಘೆಟ್ಟೋವನ್ನು ಹಾದುಬಂದವರ ಬರಹಗಳನ್ನು ಜೋಡಿಸುತ್ತಿದ್ದೇನೆ. 1941ರ ನವೆಂಬರಿನಿಂದ 1945ರ ಮೇವರೆಗಿನ ಅವಧಿಯಾದ್ದರಿಂದ ಕೋಷ್ಟಕ ಈಗಾಗಲೇ ಗೋಡೆಯ ಅರ್ಧವನ್ನು ಆಕ್ರಮಿಸಿದೆ.